ಪ್ರಮಾಣಪತ್ರದ ಹಿಂದೆ ತರಬೇತಿ ಇರಲಿ

ಬ್ಯೂಟಿ ಪಾರ್ಲರ್‌ಗಳು ಸಣ್ಣ ಊರುಗಳಿಗೂ ಹಬ್ಬಿದಂತೆ, ಕೆಲವೇ ವಾರಗಳಲ್ಲಿ ಬ್ಯೂಟಿಷಿಯನ್ ಪ್ರಮಾಣಪತ್ರ ಕೊಡುವ ಖಾಸಗಿ ತರಗತಿಗಳೂ ಹೆಚ್ಚಿವೆ. ಐಟಿಐಗಳಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದವರಿಗಾಗಿ ಇರುವ ಕಾಸ್ಮೆಟಾಲಜಿ ಕೋರ್ಸಿನ ಅವಧಿ ಒಂದು ವರ್ಷ. ಈ ಎರಡರ ನಡುವಿನ ಅಂತರದ ಪರಿಣಾಮವನ್ನು ಅನುಭವಿಸುವುದು ಗ್ರಾಹಕರ ಚರ್ಮ. ಕೂದಲಿನ ಬಣ್ಣದಲ್ಲಿ ಬಳಸುವ ಪಿಪಿಡಿ ರಾಸಾಯನಿಕ ಕೆಲವರಲ್ಲಿ ತೀವ್ರ ಅಲರ್ಜಿ ಉಂಟುಮಾಡುತ್ತದೆ. ಬಣ್ಣ ಹಚ್ಚುವ 48 ಗಂಟೆ ಮೊದಲು ಕಿವಿಯ ಹಿಂಭಾಗದಲ್ಲಿ ಸ್ವಲ್ಪ ಹಚ್ಚಿ ಪರೀಕ್ಷಿಸಬೇಕು. ಕೂದಲು ನೇರಗೊಳಿಸುವ ಕೆಲವು ದ್ರಾವಣಗಳು ಬಿಸಿಯಾದಾಗ ಫಾರ್ಮಾಲ್ಡಿಹೈಡ್ ಅನಿಲ ಹೊರಬಿಡುತ್ತವೆ. ಅದನ್ನು ದಿನವಿಡೀ ಉಸಿರಾಡುವವರು ಪಾರ್ಲರಿನಲ್ಲಿ ಕೆಲಸ ಮಾಡುವ ಹೆಣ್ಣುಮಕ್ಕಳೇ. ಉಪಕರಣಗಳ ಶುದ್ಧೀಕರಣ, ಸ್ಟೆರಾಯ್ಡ್ ಬೆರೆತ ಕ್ರೀಮುಗಳ ಅಪಾಯ, ಯಾವ ಚರ್ಮದ ತೊಂದರೆಯನ್ನು ಮುಟ್ಟದೆ ವೈದ್ಯರ ಬಳಿಗೆ ಕಳುಹಿಸಬೇಕೆಂಬ ತಿಳಿವಳಿಕೆ, ಇವು ಮೇಕಪ್ ಕಲಿಸುವಷ್ಟು ಬೇಗ ಕಲಿಸಿ ಮುಗಿಸುವ ಪಾಠಗಳಲ್ಲ.

ಸ್ಥಳೀಯ ಸಂಸ್ಥೆಗಳು ಕೊಡುವ ಉದ್ದಿಮೆ ಪರವಾನಗಿ ಮಳಿಗೆಗೆ ಸಂಬಂಧಿಸಿದ್ದು. ಒಳಗಿರುವವರ ಕಲಿಕೆಯನ್ನು ಅದು ಅಳೆಯುವುದಿಲ್ಲ. ರಾಸಾಯನಿಕ ಬಳಸುವ ಪ್ರತಿ ಪಾರ್ಲರಿನಲ್ಲೂ ಮಾನ್ಯತೆ ಪಡೆದ ತರಬೇತಿ ಮುಗಿಸಿದ ಒಬ್ಬರಾದರೂ ಇರಬೇಕೆಂಬ ಷರತ್ತನ್ನು ಪರವಾನಗಿಗೆ ಸೇರಿಸಬೇಕು. ಆದರೆ ಬ್ಯೂಟಿಷಿಯನ್ ಕೆಲಸ ಅಸಂಖ್ಯ ಮಹಿಳೆಯರು ಸ್ವಂತ ದುಡಿಮೆಯಿಂದ ಕಟ್ಟಿಕೊಂಡ ವೃತ್ತಿ. ನಿಯಮ ಅವರನ್ನು ಹೊರದೂಡಬಾರದು. ವರ್ಷಗಳಿಂದ ಕೆಲಸ ಮಾಡುತ್ತಿರುವವರಿಗೆ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಲ್ಲಿರುವ ಪೂರ್ವ ಕಲಿಕೆಯ ಮಾನ್ಯತೆಯ, ಅಂದರೆ ಕೆಲಸದಲ್ಲೇ ಕಲಿತದ್ದನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ, ಮಾರ್ಗವನ್ನೇ ಬಳಸಬಹುದು. ಕನ್ನಡದಲ್ಲಿ ಪಠ್ಯ, ಕನ್ನಡದಲ್ಲೇ ಪರೀಕ್ಷೆ, ಶುಲ್ಕದ ಹೊರೆಯನ್ನು ಸರ್ಕಾರವೇ ಹೊರುವ ವ್ಯವಸ್ಥೆ ಆದ ಮೇಲಷ್ಟೇ ಈ ಷರತ್ತು ಜಾರಿಗೆ ಬರಬೇಕು.