ಹಡಗುಕಟ್ಟೆ ಉಳಿದರೆ ಸಾಕೆ?

ನಗರದ ಹಿರಿಮೆಯನ್ನು ಅದರ ಅರಮನೆಗಳಿಂದಲೂ ಗೋಪುರಗಳಿಂದಲೂ ಅಳೆಯುವುದು ಲೋಕದ ವಾಡಿಕೆ. ಆದರೆ ನಗರಕ್ಕೆ ಬೆಂಕಿಯನ್ನೂ ಬೆಳಕನ್ನೂ ಒದಗಿಸಿದ ಸ್ಥಳಗಳು ಬೇರೆಯೇ ಇರುತ್ತವೆ. ಲಂಡನ್ನಿನ ಪೂರ್ವಭಾಗದಲ್ಲಿ, ಥೇಮ್ಸ್ ನದಿಯ ದಡದಲ್ಲಿರುವ ಲೈಮ್‌ಹೌಸ್ ಹಡಗುಕಟ್ಟೆ ಅಂಥದೊಂದು ಸ್ಥಳ.

1812ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ರೀಜೆಂಟ್ಸ್ ಕಾಲುವೆಯನ್ನು ತೋಡಲು ಅನುಮತಿಯನ್ನಿತ್ತಿತು. ಪ್ರಸಿದ್ಧ ವಾಸ್ತುಶಿಲ್ಪಿ ಜಾನ್ ನ್ಯಾಶ್ ಅದರ ಪೋಷಕರಲ್ಲೊಬ್ಬನು. ಜೇಮ್ಸ್ ಮಾರ್ಗನ್ ಅದರ ಎಂಜಿನಿಯರು. ಪ್ಯಾಡಿಂಗ್ಟನ್ನಿನಿಂದ ಸುಮಾರು 14 ಕಿಲೋಮೀಟರು ಸಾಗಿ, 12 ಲಾಕುಗಳ ಮೂಲಕ ಮೆಟ್ಟಿಲುಮೆಟ್ಟಿಲಾಗಿ ಇಳಿಯುವ ಈ ಕಾಲುವೆ 1820ರಲ್ಲಿ ಥೇಮ್ಸ್ ನದಿಯನ್ನು ಮುಟ್ಟಿತು. ಅವೆರಡೂ ಕೂಡುವೆಡೆಯಲ್ಲಿ ಈ ಹಡಗುಕಟ್ಟೆ ನಿರ್ಮಾಣವಾಯಿತು. ಸಮುದ್ರದ ಉಬ್ಬರವಿಳಿತಗಳಿಗನುಸಾರವಾಗಿ ಥೇಮ್ಸಿನ ನೀರು ಏರಿಳಿಯುತ್ತದೆ. ಕಟ್ಟೆಯ ದೊಡ್ಡ ಬಾಗಿಲುಗಳು ಒಳಗಿನ ನೀರನ್ನು ತಡೆದು ನಿಲ್ಲಿಸುವುದರಿಂದ ಹಡಗುಗಳು ಅಲ್ಲಿ ನಿಶ್ಚಿಂತೆಯಿಂದ ತಂಗಬಹುದಾಗಿತ್ತು.

ಇಂಗ್ಲೆಂಡಿನ ಈಶಾನ್ಯ ಭಾಗದಿಂದ ಬಂದ ಕಲ್ಲಿದ್ದಲು ಇಲ್ಲಿ ಹಡಗಿನಿಂದ ದೋಣಿಗಿಳಿಯುತ್ತಿತ್ತು. ಕುದುರೆಗಳು ಎಳೆಯುವ ಆ ದೋಣಿಗಳು ಅದನ್ನು ಕಾಲುವೆಯ ದಡದ ಅನಿಲ ಕಾರ್ಖಾನೆಗಳಿಗೆ ಮುಟ್ಟಿಸುತ್ತಿದ್ದವು. ಲಂಡನ್ನಿನ ಬೀದಿದೀಪಗಳ ಹಿಂದೆ ಮಸಿ ಹಿಡಿದ ಕೈಗಳಿದ್ದುವು. ಮುಂದೆ ನೀರಿನ ಒತ್ತಡದಿಂದ ನಡೆಯುವ ಕ್ರೇನುಗಳು ಬಂದು ಆ ಕೈಗಳ ಭಾರವನ್ನು ಕೊಂಚ ಇಳಿಸಿದವು. ಅವುಗಳಿಗೆ ಒತ್ತಡವನ್ನು ಒದಗಿಸಲು 1869ರಲ್ಲಿ ಕಟ್ಟಿದ ಇಟ್ಟಿಗೆಯ ಗೋಪುರ ಈಗಲೂ ನಿಂತಿದೆ.

ರೈಲು ಮತ್ತು ಲಾರಿಗಳ ಪೈಪೋಟಿಯಲ್ಲಿ ಕಾಲುವೆಯ ವ್ಯಾಪಾರ ಕುಗ್ಗಿತು. 1969ರಲ್ಲಿ ಸರಕಿನ ಹಡಗುಗಳಿಗೆ ಕಟ್ಟೆ ಮುಚ್ಚಿತು. ಇಂದು ಅಲ್ಲಿ ವಿಹಾರದೋಣಿಗಳು ತೇಲುತ್ತವೆ. ಸುತ್ತಲೂ ಬೆಲೆಬಾಳುವ ವಸತಿಗೃಹಗಳಿವೆ. ಕಟ್ಟೆ ಉಳಿಯಿತಲ್ಲ, ಇನ್ನೇನು ಬೇಕು ಎಂದು ಕೆಲವರು ಕೇಳಬಹುದು. ಆ ಮಾತಿನಲ್ಲಿಯೂ ಸತ್ಯಾಂಶವಿದೆ. ಬಳಕೆ ತಪ್ಪಿದ ಕಾಲುವೆಯಲ್ಲಿ ಹೂಳು ತುಂಬುತ್ತದೆ, ಬಾಗಿಲುಗಳು ಶಿಥಿಲವಾಗುತ್ತವೆ. ವಿಹಾರಕ್ಕಾಗಿಯಾದರೂ ದೋಣಿಗಳು ಓಡಾಡಿದರೆ ದುರಸ್ತಿ ನಡೆಯುತ್ತದೆ.

ಆದರೆ ಅಷ್ಟರಿಂದಲೇ ಋಣ ತೀರದು. ನ್ಯಾಶನ ಹೆಸರು ಚರಿತ್ರೆಯ ಪುಟಗಳಲ್ಲಿದೆ. ನೆಲವನ್ನು ಅಗೆದವರ, ಕಲ್ಲಿದ್ದಲನ್ನು ಹೊತ್ತವರ ಹೆಸರುಗಳು ಅಲ್ಲಿಲ್ಲ. ಅವರ ಕಷ್ಟದ ದಿನಗಳು ಮರಳಿ ಬರಲೆಂದು ಯಾರೂ ಬಯಸಲಾರರು. ಅವರನ್ನು ಮರೆಯುವುದು ಮಾತ್ರ ನ್ಯಾಯವಲ್ಲ. ನೋಡಬಂದವರಿಗೆ ಗೋಪುರದ ಎತ್ತರವನ್ನು ತಿಳಿಸುವವರು ಅದರ ನೆರಳಿನಲ್ಲಿ ದುಡಿದವರ ಬದುಕನ್ನೂ ತಿಳಿಸಬೇಕು. ಕಲ್ಲು ಇಟ್ಟಿಗೆಗಳನ್ನು ಕಾಪಾಡಲು ಹಣ ಸಾಕು. ದುಡಿಮೆಯ ನೆನಪನ್ನು ಕಾಪಾಡಲು ಕೃತಜ್ಞತೆ ಬೇಕು.