ಕುಳೆ ಬಿಡುವ ಮುನ್ನ ಬುಡ ನೋಡಿ

ಮುಗಳಖೋಡದ ಸುತ್ತಲಿನ ರೈತನಿಗೆ ಕಬ್ಬು ಕಡಿದ ಮರುದಿನವೇ ಒಂದು ಪ್ರಶ್ನೆ ಎದುರಾಗುತ್ತದೆ: ಕುಳೆ ಬಿಡಬೇಕೋ, ಬೇರು ಕಿತ್ತು ಹೊಸದಾಗಿ ನಾಟಬೇಕೋ? ಆತ ಪಕ್ಕದ ಹೊಲ ನೋಡಿ ತೀರ್ಮಾನಿಸುವುದಿಲ್ಲ. ಬಗ್ಗಿ ಬುಡ ನೋಡುತ್ತಾನೆ. ಎಷ್ಟು ಸತ್ತಿವೆ, ಎಷ್ಟಕ್ಕೆ ರೋಗ ತಗುಲಿದೆ ಎಂದು ಲೆಕ್ಕ ಹಾಕುತ್ತಾನೆ. ಅದೇ ರೈತ ಮಗಳ ನೀಟ್ ಫಲಿತಾಂಶ ಬಂದ ದಿನ, ‘ಇನ್ನೊಂದ ವರ್ಷ ಬರಸ್ರಿ, ಸೀಟು ಸಿಕ್ಕss ಸಿಗತೈತಿ’ ಎಂದ ಬೀಗರ ಮಾತಿಗೆ ತಲೆಯಾಡಿಸಿಬಿಡುತ್ತಾನೆ!

ವರ್ಷ ಬಿಟ್ಟು ಮತ್ತೆ ಪರೀಕ್ಷೆ ಬರೆಯುವುದು ತಪ್ಪೂ ಅಲ್ಲ, ಅವಮಾನವೂ ಅಲ್ಲ. ಆದರೆ ನೀಟ್‌ನ ಗರಿಷ್ಠ ವಯೋಮಿತಿಯನ್ನು 2022ರಲ್ಲಿ ತೆಗೆದುಹಾಕಲಾಗಿದೆ. ಇಷ್ಟೇ ಸಲ ಬರೆಯಬೇಕೆಂಬ ಕಟ್ಟೂ ಇಲ್ಲ. ಹೀಗಾಗಿ ಸಾಕು ಎನ್ನುವ ಗೆರೆಯನ್ನು ಮನೆಯವರೇ ಎಳೆದುಕೊಳ್ಳಬೇಕು.

ಮೊದಲು ಮಾಡಬೇಕಾದ ಕೆಲಸ ಇಷ್ಟೇ. ಉತ್ತರ ಪತ್ರಿಕೆಯ ಪ್ರತಿಯನ್ನೂ ಸರಿ ಉತ್ತರಗಳ ಪಟ್ಟಿಯನ್ನೂ ಮುಂದಿಟ್ಟುಕೊಂಡು ಕೂಡಿರಿ. 2025ರ ನೀಟ್‌ನಲ್ಲಿ 180 ಪ್ರಶ್ನೆ, 720 ಅಂಕ. ಸರಿಯಾದರೆ 4 ಅಂಕ ಬರುತ್ತದೆ, ತಪ್ಪಾದರೆ 1 ಅಂಕ ಕಳೆಯುತ್ತದೆ. ಹೋದ ಅಂಕಗಳನ್ನು ಮೂರು ಗುಂಪು ಮಾಡಿರಿ: ವಿಷಯವೇ ತಿಳಿಯದ್ದು, ತಿಳಿದೂ ತಪ್ಪಿದ್ದು, ವೇಳೆ ಸಾಲದೆ ಬಿಟ್ಟದ್ದು. ತಪ್ಪಿದ ಒಂದು ಉತ್ತರ ಸರಿಹೋದರೆ ಸಿಗುವ ಲಾಭ 5 ಅಂಕ. ಅಂಥ 20 ಪ್ರಶ್ನೆ ಸರಿಪಡಿಸಿದರೆ 100 ಅಂಕ! ಎರಡನೆಯ, ಮೂರನೆಯ ಗುಂಪು ದೊಡ್ಡದಿದ್ದರೆ ಒಂದು ವರ್ಷದ ಅಭ್ಯಾಸ ಫಲ ಕೊಟ್ಟೀತು. ಮೊದಲನೆಯದೇ ದೊಡ್ಡದಿದ್ದು, ಭೌತಶಾಸ್ತ್ರದ ಪುಸ್ತಕ ಕಂಡರೇ ಮಗುವಿನ ಮುಖ ಬಾಡುತ್ತಿದ್ದರೆ, ಊರು ಬದಲಿಸಿ ಧಾರವಾಡಕ್ಕೋ ಕೋಟಾಕ್ಕೋ ಕಳಿಸಿದ ಮಾತ್ರಕ್ಕೆ ಹೆಚ್ಚೇನೂ ಬದಲಾಗದು.

ಸಿಇಟಿಯ ಲೆಕ್ಕ ಬೇರೆ. ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯುಸಿ ಅಂಕ ಅರ್ಧ, ಸಿಇಟಿ ಅಂಕ ಅರ್ಧ. ಮೂರು ವಿಷಯಗಳಿಗೆ ಪಿಯುಸಿಯಲ್ಲಿ 300, ಸಿಇಟಿಯಲ್ಲಿ 180 ಅಂಕ. ಅಂದರೆ ಸಿಇಟಿಯ 6 ಅಂಕ ಪಿಯುಸಿಯ 10 ಅಂಕಕ್ಕೆ ಸಮ. ತಪ್ಪು ಉತ್ತರಕ್ಕೆ ಇಲ್ಲಿ ಅಂಕ ಕಳೆಯುವುದಿಲ್ಲ. ಆದರೆ ಪಿಯುಸಿ ಅಂಕವೇ ತೀರ ಕಡಿಮೆಯಿದ್ದರೆ ಸಿಇಟಿ ಮಾತ್ರ ಮತ್ತೆ ಬರೆಯುವುದು ಒಂದೇ ಗಾಲಿ ರಿಪೇರಿ ಮಾಡಿಸಿದಂತೆ.

ನಿಯಮವನ್ನೂ ಆಯಾ ವರ್ಷದ ಮಾಹಿತಿ ಪುಸ್ತಿಕೆಯಲ್ಲೇ ಓದಿಕೊಳ್ಳಿ. ಕೋವಿಡ್‌ನಿಂದಾಗಿ 2021ರಲ್ಲಿ ಪರೀಕ್ಷೆಯಿಲ್ಲದೆ ಪಿಯುಸಿ ಮುಗಿಸಿದವರು 2022ರಲ್ಲಿ ಮತ್ತೆ ಸಿಇಟಿ ಬರೆದರು. ಅವರ ಪಿಯುಸಿ ಅಂಕವನ್ನು ರ‍್ಯಾಂಕಿಗೆ ಹಿಡಿಯಲಿಲ್ಲ. ವಿವಾದ ಹೈಕೋರ್ಟ್ ಮೆಟ್ಟಿಲೇರಿ, ಕೊನೆಗೆ ರ‍್ಯಾಂಕ್ ಪಟ್ಟಿಯೇ ಪರಿಷ್ಕರಣೆಯಾಯಿತು. ಅಲ್ಲಿಯವರೆಗೆ ಆ ಮಕ್ಕಳು ಪಟ್ಟ ಪಾಡು ಸಣ್ಣದಲ್ಲ.

ಕೈಯಲ್ಲಿರುವ ಸೀಟನ್ನು ಕಡೆಗಣಿಸುವುದೂ ಸಲ್ಲ. ಕೃಷಿ ವಿಜ್ಞಾನಕ್ಕೆ ನೀಟ್ ಬೇಕಿಲ್ಲ, ಸಿಇಟಿ ಮೂಲಕ ಹೋಗಬಹುದು. ಕೃಷಿಕರ ಮಕ್ಕಳಿಗೆ ಅಲ್ಲಿ ಪ್ರತ್ಯೇಕ ಕೋಟಾ ಉಂಟು. ಕಬ್ಬಿನ ಸೀಮೆಯ ಮಕ್ಕಳಿಗೆ ಆ ಓದು ಪರಕೀಯವಲ್ಲ. ಸೀಟು ಹಿಡಿದು ಮುಂದಿನ ವರ್ಷ ಬಿಡುವ ಯೋಚನೆಯಿದ್ದರೆ, ಕಟ್ಟಿದ ಶುಲ್ಕ ಮತ್ತು ಮೂಲ ದಾಖಲೆಗಳ ಗತಿ ಏನೆಂದು ಸೇರುವ ಮೊದಲೇ ಕೇಳಿರಿ.

ಪಾಲಕರಿಗೆ ಇನ್ನೊಂದು ಮಾತು. ಮನೆಯಲ್ಲಿ ಕೂತು ಓದುವ ಹುಡುಗನಿಗೆ ‘ಓದಾಕತ್ತಾನ’ ಎನ್ನುತ್ತೇವೆ. ಹುಡುಗಿ ಕೂತರೆ ಮೂರು ತಿಂಗಳಲ್ಲಿ ವರನ ಕಡೆಯವರು ನೋಡಲು ಬರುತ್ತಾರೆ. ಓದಲೆಂದು ಕೊಟ್ಟ ವರ್ಷ ಓದಿಗೇ ಮೀಸಲಾಗಲಿ. ಆ ಭರವಸೆ ಕೊಡಲಾಗದಿದ್ದರೆ ಅವಳನ್ನು ಸಿಕ್ಕ ಕಾಲೇಜಿಗೆ ಕಳಿಸುವುದೇ ಲೇಸು.

ಕೋಚಿಂಗಿನ ಹಣ ಕಟ್ಟುವ ಮುನ್ನ ಮೂರು ಸಂಗತಿ ಬರೆದಿಡಿ: ಯಾವ ವಿಷಯದಲ್ಲಿ ಎಷ್ಟು ಅಂಕ ಏರಬೇಕು, ಡಿಸೆಂಬರ್ ಹೊತ್ತಿಗೆ ಎಲ್ಲಿಗೆ ಬಂದಿರಬೇಕು, ಆಗದಿದ್ದರೆ ಯಾವ ಕೋರ್ಸು. ಈ ಮೂರಕ್ಕೂ ಉತ್ತರವನ್ನು ಅಪ್ಪ ಹೇಳಕೂಡದು, ಬೀಗರಂತೂ ಬೇಡವೇ ಬೇಡ. ಪರೀಕ್ಷಾ ಕೊಠಡಿಯಲ್ಲಿ ಒಬ್ಬಳೇ ಕೂಡ್ರುವವಳು ಮಗಳು. ಮತ್ತೆ ಬರೆಯಬೇಕೋ ಬೇಡವೋ ಎಂಬ ಮೊದಲ ಮಾತು ಅವಳದೇ ಆಗಿರಲಿ.