ಗುಜರಿಯ ಹೊಗೆಯಲ್ಲಿ ಕರಗುವ ಚಿನ್ನ

ಹಾಸನ–ಮಂಗಳೂರು ಬ್ರಾಡ್‌ಗೇಜ್ ಮಾರ್ಗ 2006ರಲ್ಲಿ ಸರಕು ಸಾಗಣೆಗೆ ತೆರೆದ ಬಳಿಕ ಬಳ್ಳಾರಿ ಸೀಮೆಯ ಕಬ್ಬಿಣದ ಅದಿರು ಘಾಟಿ ಇಳಿದು, ನಮ್ಮ ನೆಟ್ಟಣವನ್ನು ಹಾದು ನವಮಂಗಳೂರು ಬಂದರಿಗೆ ಸಾಗಿದ್ದನ್ನು ಕಂಡಿದ್ದೇವೆ. ಇಂದು ಇಂಥ ಊರುಗಳಿಂದ ಇನ್ನೊಂದು ಬಗೆಯ ಅದಿರು ಸದ್ದಿಲ್ಲದೆ ಹೊರಹೋಗುತ್ತಿದೆ. ಅದು ಗುಜರಿ ಸೇರುವ ಹಳೆಯ ಮೊಬೈಲು, ಟಿ.ವಿ., ಕಂಪ್ಯೂಟರು.

ಇವನ್ನು ಅದಿರು ಎನ್ನುವುದು ಉತ್ಪ್ರೇಕ್ಷೆಯಲ್ಲ. ಹಟ್ಟಿ ಗಣಿಯಲ್ಲಿ ಒಂದು ಟನ್ ಅದಿರಿನಿಂದ ದೊರೆಯುವುದು ಕೆಲವೇ ಗ್ರಾಂ ಚಿನ್ನ. ಅಷ್ಟೇ ತೂಕದ ಮೊಬೈಲ್ ಸರ್ಕ್ಯೂಟ್ ಬೋರ್ಡುಗಳಲ್ಲಿ ಅದರ ಹತ್ತಾರು ಪಟ್ಟು ಇರುತ್ತದೆ. ಅದನ್ನು ಹೊರತೆಗೆಯುವ ವಿದ್ಯೆಯನ್ನು ತಾಮ್ರದ ಕುಲುಮೆಗಳು ಬಹುಹಿಂದೆಯೇ ಕಲಿತಿವೆ.

ಚಿತ್ರದುರ್ಗದ ಇಂಗಳದಾಳದಲ್ಲಿ ಹಿಂದೆ ತೆಗೆಯುತ್ತಿದ್ದಂಥ ತಾಮ್ರದ ಅದಿರಿನಲ್ಲಿ ಗಂಧಕವೂ ಕಬ್ಬಿಣವೂ ಬೆರೆತಿರುತ್ತವೆ. ಅಂಥ ಅದಿರನ್ನು ಸುಮಾರು 1,200 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿಸಿದಾಗ ಕಬ್ಬಿಣದ ಬಹುಪಾಲು ಆಮ್ಲಜನಕದೊಡನೆ ಕೂಡಿ, ಮರಳಿನೊಂದಿಗೆ ಕಿಟ್ಟವಾಗಿ ಮೇಲೆ ತೇಲುತ್ತದೆ. ತಾಮ್ರ ಮತ್ತು ಗಂಧಕದ ಭಾರವಾದ ದ್ರವ ಕೆಳಗೆ ನಿಲ್ಲುತ್ತದೆ; ಇದಕ್ಕೆ ‘ಮ್ಯಾಟ್’ ಎಂದು ಹೆಸರು. ಸುಲಭವಾಗಿ ಆಮ್ಲಜನಕಕ್ಕೆ ಒಲಿಯದ ಚಿನ್ನ, ಬೆಳ್ಳಿ, ಪಲ್ಲಾಡಿಯಂಗಳು ಕಿಟ್ಟವನ್ನು ತೊರೆದು ಮ್ಯಾಟನ್ನೇ ಆಶ್ರಯಿಸುತ್ತವೆ. ಗಾಳಿ ಊದಿ ಗಂಧಕವನ್ನು ಕಳೆದರೂ ಅವು ತಾಮ್ರವನ್ನು ಬಿಡವು. ಕೊನೆಗೆ ವಿದ್ಯುತ್ತಿನಿಂದ ತಾಮ್ರವನ್ನು ಶುದ್ಧೀಕರಿಸುವಾಗ ತೊಟ್ಟಿಯ ತಳದ ಕೆಸರಿನಲ್ಲಿ ಸಂಗ್ರಹವಾಗುತ್ತವೆ.

ಸ್ವೀಡನ್ನಿನ ರಾನ್‌ಸ್ಕಾರ್‌ನಂಥ ಕಾರ್ಖಾನೆಗಳು ಈ ಗುಣವನ್ನೇ ನೆಚ್ಚಿ ಸರ್ಕ್ಯೂಟ್ ಬೋರ್ಡುಗಳನ್ನೂ ಕರಗಿಸುತ್ತವೆ. ನಮ್ಮಲ್ಲಾದರೋ ಬೋರ್ಡುಗಳನ್ನು ಬಯಲಿನಲ್ಲಿ ಸುಡುವುದು, ಆಮ್ಲದಲ್ಲಿ ಅದ್ದುವುದು ಇನ್ನೂ ನಿಂತಿಲ್ಲ. ಕೈಗೆ ಸಿಗುವುದು ಚಿನ್ನದ ಒಂದು ಪಾಲು. ಉಳಿದ ಲೋಹ ಚರಂಡಿಗೆ, ವಿಷದ ಹೊಗೆ ಕೆಲಸಗಾರನ ಶ್ವಾಸಕೋಶಕ್ಕೆ.

ಕುಲುಮೆಗಳೂ ನಿರಪಾಯಕಾರಿಯಲ್ಲ. ಮಾಲಿನ್ಯದ ವಿರುದ್ಧ ಜನರು ಹೋರಾಡಿದ ತೂತ್ತುಕುಡಿಯಲ್ಲಿ 2018ರ ಮೇ ತಿಂಗಳಲ್ಲಿ ಪೊಲೀಸ್ ಗೋಲಿಬಾರಿಗೆ 13 ಮಂದಿ ಬಲಿಯಾದರು. ಅಲ್ಲಿನ ತಾಮ್ರದ ಘಟಕವೂ ಮುಚ್ಚಿತು. ಗಂಧಕದ ಅನಿಲವನ್ನು ಹಿಡಿದು ಗಂಧಕಾಮ್ಲವಾಗಿಸದ, ಹೊಗೆಯ ಲೆಕ್ಕವನ್ನು ಜನರ ಮುಂದಿಡದ ಯಾವ ಘಟಕಕ್ಕೂ ಅನುಮತಿ ಸಲ್ಲದು. ಆದರೆ ಒಂದು ದೊಡ್ಡ ಚಿಮಣಿಯ ಮೇಲೆ ಕಣ್ಣಿಡಬಹುದು. ಸಾವಿರ ಗುಜರಿ ಬೆಂಕಿಗಳ ಮೇಲೆ ಇಡಲಾಗದು.

2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳು ಮರುಬಳಕೆಯ ಹೊಣೆಯನ್ನು ಉತ್ಪಾದಕರ ಮೇಲೆ ಹೊರಿಸಿವೆ. ಆ ಹಣ ಊರಿನ ಮಟ್ಟಕ್ಕೆ ಇಳಿಯಬೇಕು. ಪಂಚಾಯಿತಿಯ ಒಣಕಸ ಘಟಕಗಳು ಬೋರ್ಡುಗಳನ್ನು ತೂಗಿ, ಗುಜರಿಯವರಿಗೆ ನ್ಯಾಯವಾದ ಬೆಲೆ ಕೊಟ್ಟು ಕೊಳ್ಳಲಿ. ಹಟ್ಟಿ ಕಂಪನಿಯ ಲೋಹವಿದ್ಯೆಯ ಅನುಭವವುಳ್ಳ ರಾಜ್ಯ ಸರ್ಕಾರವು ಅವು ಸುಸಜ್ಜಿತ ಕುಲುಮೆ ತಲಪುವ ವ್ಯವಸ್ಥೆ ಮಾಡಲಿ. ಸುಡುವವನನ್ನು ದಂಡಿಸುವ ಮೊದಲು ಸುಡದಿದ್ದರೂ ಅವನ ಹೊಟ್ಟೆ ತುಂಬುವಂತೆ ಮಾಡುವುದು ಆಡಳಿತದ ಕರ್ತವ್ಯ.